ಡಬ್ಬಿ ತೆಗೆದರೆ ಹುಳಿ ವಾಸನೆ: ಆ ರೀಲನ್ನು ಓಡಿಸಬೇಡಿ

ರಾಯಚೂರಿನ ಕಲಾ ಗ್ಯಾಲರಿಯಲ್ಲಿ 1950ರ ದಶಕದ ಕಪ್ಪುಬಿಳುಪು ಚಿತ್ರದ 35 ಎಂಎಂ ಪ್ರಿಂಟ್ ತೋರಿಸಬೇಕು, ಡಬ್ಬಿ ತೆಗೆದರೆ ಹುಳಿ ವಾಸನೆ ಅಂದಿದ್ದೀರಿ. ದಯವಿಟ್ಟು ಅದನ್ನು ಪ್ರೊಜೆಕ್ಟರಿಗೆ ಏರಿಸಬೇಡಿ ಸರ್. ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮು ಸೆಕೆ, ತೇವಕ್ಕೆ ಕೆಟ್ಟು ಅಸಿಟಿಕ್ ಆಮ್ಲ ಬಿಡುತ್ತದೆ (ಆ ಹುಳಿ ವಾಸನೆ ಇದರದೇ), ಪಟ್ಟಿ ಕುಗ್ಗುತ್ತದೆ. ಕುಗ್ಗಿದ್ದು ಶೇ 1ರ ಹತ್ತಿರ ಬಂದರೂ ಪ್ರೊಜೆಕ್ಟರಿನ ಹಲ್ಲುಚಕ್ರಕ್ಕೆ ಪಟ್ಟಿಯ ಅಂಚಿನ ತೂತು ಕೂಡದೆ ಅಂಚು ಹರಿಯುತ್ತದೆ. ಡಬ್ಬಿಯನ್ನು ಬೇರೆ ರೀಲುಗಳಿಂದ ದೂರ, ತಂಪಾಗಿ ಇಡಿ. ಆ ಆವಿ ಅವನ್ನೂ ಕೆಡಿಸುತ್ತದೆ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಡಿಜಿಟಲ್ ಪ್ರತಿ ಇದೆಯೇ ವಿಚಾರಿಸಿ. ಹಕ್ಕುದಾರರ ಒಪ್ಪಿಗೆ ಬೇರೆ ಬೇಕು. ಆ ಕಾಲದ ಚಿತ್ರವಾದ್ದರಿಂದ ಚೌಕಟ್ಟು (ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ) 1.37:1 ಇರಲಿ. ಅಗಲ ಪರದೆ ತುಂಬಿಸಲು ಎಳೆದರೆ ಮುಖ ಚಪ್ಪಟೆ; ಕತ್ತರಿಸಿದರೆ ನಟಿಯ ಹಣೆಯ ಕುಂಕುಮವೇ ಮಾಯ. 10 ಅಡಿ ಎತ್ತರಕ್ಕೆ ಅಗಲ 13 ಅಡಿ 8 ಅಂಗುಲ ಸಾಕು, ಉಳಿದ ಎರಡೂ ಬದಿಗೆ ಕರಿ ಬಟ್ಟೆ ಇಳಿಬಿಡಿ.