ಯಾವಾಗಲೂ ಒಬ್ಬರೇ ಗೆದ್ದರೆ ಅದು ಪೈಪೋಟಿ ಹೇಗಾಗುತ್ತೆ?

ಟ್ರ್ಯಾಕ್‌ನ ದೊಡ್ಡ ಫೈನಲ್‌ಗಳನ್ನೆಲ್ಲ ಹೈಲೆ ಗೆಬ್ರೆಸೆಲಾಸಿಯೇ ಗೆದ್ದಿರುವಾಗ, ಪಾಲ್ ಟೆರ್ಗಟ್ ಜೊತೆಗಿನ ಓಟಗಳನ್ನು ದೊಡ್ಡ ಪೈಪೋಟಿ ಅಂತ ಯಾಕೆ ಕರೀತಾರೆ ಎಂದು ಕೇಳಿದ್ದೀರಿ. ಪದಕದ ಪಟ್ಟಿ ಮಾತ್ರ ನೋಡಿದರೆ ನಿಮ್ಮ ಅನುಮಾನ ಸರಿಯೇ. 10,000 ಮೀಟರ್ ಓಟದಲ್ಲಿ 1996ರ ಅಟ್ಲಾಂಟಾ ಒಲಿಂಪಿಕ್ಸ್, 1997 ಮತ್ತು 1999ರ ವಿಶ್ವ ಚಾಂಪಿಯನ್‌ಷಿಪ್, 2000ದ ಸಿಡ್ನಿ ಒಲಿಂಪಿಕ್ಸ್: ನಾಲ್ಕರಲ್ಲೂ ಚಿನ್ನ ಇಥಿಯೋಪಿಯಾದ ಹೈಲೆಗೆ, ಬೆಳ್ಳಿ ಕೀನ್ಯಾದ ಟೆರ್ಗಟ್‌ಗೆ.

ಆದರೆ ಟೆರ್ಗಟ್ ಸುಮ್ನೆ ಹಿಂದೆ ಓಡಿ ಬೆಳ್ಳಿ ತಗೊಂಡವರಲ್ಲ. ನನ್ನ ಪ್ರಕಾರ ಈ ಪೈಪೋಟಿಯನ್ನು ದೊಡ್ಡದು ಮಾಡಿದ್ದೇ ಅವರು.

ಹೈಲೆಯ ಬಲ ಇದ್ದದ್ದು ಕೊನೆಯ ಸುತ್ತಿನಲ್ಲಿ. 1999ರಲ್ಲಿ ಅವರು ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನ 1500 ಮೀಟರ್ ಚಿನ್ನವನ್ನೂ ಗೆದ್ದಿದ್ದರು. ಅಂಥ ಕಾಲು ಇರುವವರನ್ನು ಕೊನೆಯ 400 ಮೀಟರ್‌ವರೆಗೆ ಜೊತೆಗೆ ಬಿಟ್ಟುಕೊಂಡರೆ ಕಥೆ ಮುಗಿದ ಹಾಗೆ, ಅಲ್ವಾ? ಅದಕ್ಕೇ ಅಟ್ಲಾಂಟಾದಲ್ಲಿ ಟೆರ್ಗಟ್ ಇನ್ನೂ ಸುತ್ತುಗಳು ಬಾಕಿ ಇರುವಾಗಲೇ ವೇಗ ಏರಿಸಿದರು. ಉಳಿದವರೆಲ್ಲ ಹಿಂದೆ ಬಿದ್ದರು, ಹೈಲೆ ಮಾತ್ರ ಬೀಳಲಿಲ್ಲ. ಕೊನೆಗೆ ಅಂತರ ಒಂದು ಸೆಕೆಂಡಿಗಿಂತ ಕಡಿಮೆ.

ಸಿಡ್ನಿಯಲ್ಲಿ ಲೆಕ್ಕ ತಲೆಕೆಳಗು. ಈ ಸಲ ಟೆರ್ಗಟ್ ಕಾದರು. ಸುಮಾರು 250 ಮೀಟರ್ ಇದ್ದಾಗ, ಹೈಲೆ ಶುರು ಮಾಡುವ ಮೊದಲೇ ತಾವು ಸ್ಪ್ರಿಂಟ್ ಹೊಡೆದರು. ಹಿಮ್ಮಡಿಯ ಗಾಯದಿಂದ ನರಳಿ ಬಂದಿದ್ದ ಹೈಲೆ ಮುಂದಿನ ತಿರುವಿನಲ್ಲಿ ಹಿಂದೆಯೇ ಇದ್ದರು. ನೇರ ಹಾದಿಗೆ ಬಂದಾಗಲೂ ಹಿಂದೆಯೇ. ಗೆರೆಯ ಹತ್ತಿರ, ಕೊನೆಯ ಕೆಲವು ಹೆಜ್ಜೆಗಳಲ್ಲಿ ದಾಟಿದರು. 27:18.20 ಮತ್ತು 27:18.29. ಅಂದರೆ 0.09 ಸೆಕೆಂಡ್! ಅದೇ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫೈನಲ್‌ನಲ್ಲಿ ಮೊದಲ ಇಬ್ಬರ ನಡುವೆ 0.12 ಸೆಕೆಂಡ್ ಇತ್ತು. ವಿಡಿಯೋ ಸಿಕ್ಕರೆ ಆ ಕೊನೆಯ ಸುತ್ತನ್ನು ನೋಡಿ, ನನ್ನ ವಿವರಣೆ ಬೇಕಾಗಲ್ಲ.

ಇನ್ನು ಟ್ರ್ಯಾಕ್‌ನಿಂದ ಆಚೆ ಬಂದರೆ ಚಿತ್ರವೇ ಬೇರೆ. ಬಯಲು, ಏರು-ಇಳಿಜಾರುಗಳಲ್ಲಿ ಓಡುವ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಷಿಪ್ ಅನ್ನು ಟೆರ್ಗಟ್ 1995ರಿಂದ 1999ರವರೆಗೆ ಸತತ ಐದು ಸಲ ಗೆದ್ದರು. ಹೈಲೆಗೆ ಅದು ಒಮ್ಮೆಯೂ ಒಲಿಯಲಿಲ್ಲ. ಟ್ರ್ಯಾಕ್‌ನಲ್ಲೂ ಅಷ್ಟೇ, 10,000 ಮೀಟರ್ ವಿಶ್ವದಾಖಲೆಯನ್ನು ಟೆರ್ಗಟ್ 1997ರ ಆಗಸ್ಟ್‌ನಲ್ಲಿ ಹೈಲೆಯಿಂದ ಕಿತ್ತುಕೊಂಡಿದ್ದರು. ಮುಂದಿನ ಜೂನ್‌ನಲ್ಲಿ ಹೈಲೆ ವಾಪಸ್ ಪಡೆದರು, ಅದು ಬೇರೆ ಮಾತು.

ಮ್ಯಾರಥಾನ್‌ಗೆ ಇಬ್ಬರೂ ಬಂದ ಮೇಲೆ, 2002ರ ಲಂಡನ್‌ನಲ್ಲಿ ಅಮೆರಿಕದ ಖಾಲಿದ್ ಖನ್ನೂಚಿ ವಿಶ್ವದಾಖಲೆಯೊಂದಿಗೆ ಗೆದ್ದರು. ಟೆರ್ಗಟ್ ಎರಡನೆಯವರು, ಹೈಲೆ ಮೂರನೆಯವರು. ಮರುವರ್ಷ ಬರ್ಲಿನ್‌ನಲ್ಲಿ ಟೆರ್ಗಟ್ 2:04:55ರಲ್ಲಿ ಓಡಿದರು. 2 ಗಂಟೆ 5 ನಿಮಿಷದೊಳಗೆ ಮ್ಯಾರಥಾನ್ ಮುಗಿಸಿದ ಮೊದಲಿಗರು ಅವರೇ. ಆ ದಾಖಲೆ ನಾಲ್ಕು ವರ್ಷ ನಿಂತಿತು. 2007ರಲ್ಲಿ ಅದೇ ಬರ್ಲಿನ್‌ನಲ್ಲಿ ಅದನ್ನು ಮುರಿದವರು ಯಾರು ಅಂತ ನೀವೇ ಊಹಿಸಬಹುದು: ಹೈಲೆ, 2:04:26.