ಕರ್ನಾಟಕ ಸಂಗೀತ ಕಲಿತವರು ಜಾಝ್ ಹಾಡಬೇಕಾದರೆ ಗಮಕವನ್ನು ಬಿಡಬೇಕೇ?

ಕಾಸರಗೋಡಿನ ಬದಿಯಡ್ಕದಲ್ಲಿ ವರ್ಣ, ಕೃತಿಗಳವರೆಗೆ ಕಲಿತಿರುವ ನೀವು ಜಾಝ್‌ಗಾಗಿ ಸ್ವರವನ್ನು ಬಳುಕಿಸಿ ಹಾಡುವ ಗಮಕವನ್ನು ಮರೆತು, ಅಮೆರಿಕದ ಉಚ್ಚಾರಣೆ ರೂಢಿಸಿಕೊಂಡು, ಬೆಂಗಳೂರು ಸೇರಬೇಕೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹೊತ್ತು ನಾನೂ ಊರು ಬಿಟ್ಟಿದ್ದೆ.

ನಾನು ಅಲ್ಲೇ ಹತ್ತಿರದ ನೀರ್ಚಾಲಿನ ಕಡೆಯವಳು. ಅಪ್ಪ ಯಕ್ಷಗಾನದ ಹವ್ಯಾಸಿ ಭಾಗವತರಾಗಿದ್ದುದರಿಂದ ಮನೆಯಲ್ಲಿ ಶ್ರುತಿಯ ಮಾತೆಲ್ಲ 'ಕಪ್ಪು ಎರಡು', 'ಬಿಳಿ ಐದು' ಎಂಬ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲೇ ನಡೆಯುತ್ತಿತ್ತು. ಮಂಗಳೂರಿನಲ್ಲಿ ಓದುವಾಗ ಬೇಳದ ಕೊಂಕಣಿ ಗೆಳತಿಯೊಬ್ಬಳು ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಅವರ ಕ್ಯಾಸೆಟ್ ಕೊಟ್ಟಳು. 1934ರಲ್ಲಿ, 17ರ ಹರೆಯದಲ್ಲಿ, ನ್ಯೂಯಾರ್ಕಿನ ಅಪೋಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಯನ್ನು ಗೆದ್ದ ಆ ಗಾಯಕಿ, ಸಾಹಿತ್ಯವನ್ನು ಬದಿಗಿಟ್ಟು ಬರಿಯ ಅಕ್ಷರಗಳಲ್ಲಿ ವಿಹರಿಸುವುದನ್ನು ಕೇಳಿ, ಇದು ಸ್ವರಗಳನ್ನು ಅಲ್ಲಲ್ಲೇ ಹೆಣೆದು ಹಾಡುವ ನಮ್ಮ ಕಲ್ಪನಾಸ್ವರವಲ್ಲದೆ ಮತ್ತೇನು ಎಂದುಕೊಂಡೆ.

ಅದೇ ಹುಂಬತನದಲ್ಲಿ ಬೆಂಗಳೂರಿನ ಹೋಟೆಲೊಂದರ ವಾದ್ಯವೃಂದದವರ ಮುಂದೆ ನಿಂತು, 'ನನ್ನದು ಐದೂವರೆ ಮನೆ ಶ್ರುತಿ, ಎಲ್ಲ ಹಾಡೂ ಅದರಲ್ಲೇ ಇರಲಿ' ಎಂದೆ. ನಾವು ಕಛೇರಿಯುದ್ದಕ್ಕೂ ಒಂದೇ ಶ್ರುತಿಯಲ್ಲಿ ಹಾಡುತ್ತೇವೆ. ಅವರು ಪ್ರತಿಯೊಂದು ಹಾಡಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರ ನೋಡಿ, ಕಂಠಕ್ಕೆ ಹೊಂದುವ ಕೀ, ಅಂದರೆ ಆ ಹಾಡಿನ ಆಧಾರ ಶ್ರುತಿ, ಆರಿಸುತ್ತಾರೆ. ಅಷ್ಟಾದರೂ ಹೇಗೋ ಸುಧಾರಿಸಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಅಮೆರಿಕದ ಸಂಯೋಜಕ ಗರ್ಶ್ವಿನ್ ಅವರ 1930ರ 'ಐ ಗಾಟ್ ರಿದಮ್' ಹಾಡಿನ, ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಾದ ಕಾರ್ಡ್‌ಗಳ ಮೇಲೆ ಮನೋಧರ್ಮದಿಂದ, ಅಂದರೆ ಆಗಿಂದಾಗಲೇ ಕಟ್ಟಿಕೊಂಡು, ಹಾಡಲು ಹೇಳಿದಾಗ. ಕಾರ್ಡ್‌ಗಳ ಈ ಸಾಲಿನ ಮೇಲೆ ಜಾಝ್‌ನವರು ಎಷ್ಟೋ ರಚನೆಗಳನ್ನು ಕಟ್ಟಿದ್ದಾರೆ. ಒಂದು ಬಾರ್ ಎಂದರೆ ನಾಲ್ಕು ಎಣಿಕೆ; ಅಂಥ ಎಂಟೆಂಟು ಬಾರ್‌ಗಳ ನಾಲ್ಕು ಭಾಗಗಳಲ್ಲಿ ಮೂರನೆಯದನ್ನು ಬ್ರಿಜ್ ಎನ್ನುತ್ತಾರೆ. ಅಲ್ಲಿ ಪಿಯಾನೊ ಗಾಂಧಾರ, ಧೈವತ, ರಿಷಭ, ಪಂಚಮಗಳ ಮೇಲೆ ಎರಡೆರಡು ಬಾರ್ ಕಾರ್ಡ್ ಹಿಡಿಯುತ್ತ ಸಾಗುತ್ತದೆ. ತಂಬೂರಿಯ ಷಡ್ಜ ಎಂದಿಗೂ ಕದಲದೆಂದು ನಂಬಿದ್ದ ನಾನು ಮೋಹನ ರಾಗದ ಸಂಚಾರ ಮಾಡುತ್ತ, ಆ ಗಾಂಧಾರದ ಕಾರ್ಡ್ ಬಂದಾಗಲೇ ಪಂಚಮದಲ್ಲಿ ನೀಳವಾಗಿ ನಿಂತೆ. ಆ ಕಾರ್ಡಿನೊಳಗೆ ಪಂಚಮಕ್ಕೆ ತಾಗಿಕೊಂಡೇ ಇರುವ ಶುದ್ಧ ಧೈವತವಿದೆ. ನಾನು ಪಂಚಮವನ್ನು ಎಳೆದಷ್ಟೂ ಎರಡೂ ಪರಚಿಕೊಂಡವು. ರಾಗ ತಪ್ಪಲಿಲ್ಲವೆಂಬ ಸಮಾಧಾನದಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಕಣ್ಣು ತೆರೆದಾಗ ಬಾಸ್ ನುಡಿಸುವವರು ತಲೆ ತಗ್ಗಿಸಿದ್ದರು. ಕೆಲಸ ಬೇರೊಬ್ಬಳಿಗೆ ಹೋಯಿತು. ಗಮಕದ ಬಗ್ಗೆಯಾಗಲಿ ಉಚ್ಚಾರಣೆಯ ಬಗ್ಗೆಯಾಗಲಿ ಯಾರೂ ಒಂದಕ್ಷರ ಆಡಿರಲಿಲ್ಲ.

ಊರಿಗೆ ಮರಳಿದ ಮೇಲೆ ಕಾರ್ಡ್ ಎಂದರೇನೆಂದು ಹೇಳಿಕೊಟ್ಟವರು ಇಗರ್ಜಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಆ ಗೆಳತಿಯ ಚಿಕ್ಕಪ್ಪ. ಕಾರ್ಡಿನ ಆಧಾರಸ್ವರವನ್ನು ಎಡಗೈಯಲ್ಲಿ ಒತ್ತಿ, ಅದರ ಗಾಂಧಾರವನ್ನು ಬಾಯಲ್ಲಿ ಹಾಡಿಸಿ, ಬಾರ್ ಬದಲಾದೊಡನೆ ಹೊಸ ಗಾಂಧಾರ ಹುಡುಕಿಸುವುದೇ ಅವರ ಪಾಠ. ಆದಿತಾಳದ ಮೊದಲ ಪೆಟ್ಟಿಗೆ ತೊಡೆ ತಟ್ಟುವ ನನ್ನ ಅಭ್ಯಾಸವನ್ನೂ ಬಿಡಿಸಿ, ನಾಲ್ಕರಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಚಿಟಿಕೆ ಹೊಡೆಸಿದರು. ಆಮೇಲಷ್ಟೇ ನನಗೆ ಹೋಟೆಲುಗಳಲ್ಲಿ ಹಾಡುವ ಅವಕಾಶಗಳು ಬಂದದ್ದು.

ಆದ್ದರಿಂದ ಗಮಕವನ್ನು ಬಿಡುವ ಯೋಚನೆಯೇ ಅಸಂಬದ್ಧ. ಹಿಂದೂಸ್ತಾನಿ ಕಲಿತಿದ್ದ ಮುಂಬೈಯ ಆಶಾ ಪುಥ್ಲಿ 1971ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ಧ್ವನಿಮುದ್ರಣದಲ್ಲಿ ಹಾಡಿದರು. ನಮ್ಮ ಆರ್. ಎ. ರಮಾಮಣಿಯವರಂತೂ ಕರ್ನಾಟಕ ಸಂಗೀತವನ್ನೇ ಇಟ್ಟುಕೊಂಡು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೆ ಹಾಡಿದವರು. 1983ರಲ್ಲಿ ಬಂದ ಅವರ 'ಜ್ಯೋತಿ' ಧ್ವನಿಮುದ್ರಿಕೆಯನ್ನು ಕೇಳಿ.

ಸದ್ಯಕ್ಕೆ ಬೆಂಗಳೂರೂ ಬೇಡ. ಬದಿಯಡ್ಕದಲ್ಲೇ ಕುಳಿತು ಒಂದು ಹಳೆಯ ಕೀಬೋರ್ಡ್ ಹೊಂದಿಸಿಕೊಂಡು, ಯಾವುದಾದರೂ ಹಾಡಿನ 32 ಬಾರ್‌ಗಳನ್ನು ದಾರಿ ತಪ್ಪದೆ ಸುತ್ತಿ ಬರುವಷ್ಟು ಸಾಧನೆ ಮಾಡಿ. ವಾದ್ಯದವರನ್ನು ಕಾಣಲು ಹೋಗುವಾಗ ಹಾಡಿನ ಕಾರ್ಡ್‌ಗಳನ್ನು ನಿಮ್ಮ ಕೀಯಲ್ಲಿ ಬರೆದ ಚಾರ್ಟ್ ಒಯ್ದು, ಪಿಯಾನೊದವರಿಗೂ ಬಾಸಿನವರಿಗೂ ಒಂದೊಂದು ಪ್ರತಿ ಕೊಡಿ. ಶ್ರುತಿ ಎಷ್ಟು ಮನೆಯೆಂದು ಹೇಳಲು ಮಾತ್ರ ಹೋಗಬೇಡಿ.