ಕರುಳಿನ ಉರಿಯೂತ ಇರುವವರು ಮಗು ಬೇಕೆಂದಾಗ ಮಾತ್ರೆ ನಿಲ್ಲಿಸಬೇಕಾ?

ಬೇಡ, ನೀವಾಗಿಯೇ ನಿಲ್ಲಿಸಲೇಬೇಡಿ. ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗಳಿಗೆ ಕೊಡುವ ಹೆಚ್ಚಿನ ಔಷಧಿಗಳನ್ನು ಗರ್ಭಿಣಿಯಾಗಿರುವಾಗಲೂ ಮುಂದುವರಿಸಬಹುದು. ಮೆಸಲಮೈನ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಇವೆಲ್ಲ ಆ ಗುಂಪಿನವೇ.

ಮಗುವಿಗೆ ಈ ಔಷಧಿಗಳಿಗಿಂತ ಕೆರಳಿದ ಕಾಯಿಲೆಯಿಂದಲೇ ಅಪಾಯ ಜಾಸ್ತಿ. ಉರಿಯೂತ ಜೋರಾಗಿದ್ದರೆ ತಾಯಿಗೆ ರಕ್ತಹೀನತೆ ಬರಬಹುದು, ಪೋಷಣೆ ಸಾಲದೆ ಹೋಗಬಹುದು. ಗರ್ಭಪಾತ, ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕದ ಮಗು, ಇವುಗಳ ಸಾಧ್ಯತೆಯೂ ಏರುತ್ತದೆ. ಮಗುವಿಗೆ ಒಳ್ಳೆಯದಾಗಲಿ ಅಂತಲೇ ಮಾತ್ರೆ ಬಿಟ್ಟವರಿಗೆ ಹೀಗಾದರೆ ಎಷ್ಟು ನೋವು, ಅಲ್ವಾ? ಅದಕ್ಕೇ ಕಾಯಿಲೆ ಕನಿಷ್ಠ 3 ತಿಂಗಳು, ಸಾಧ್ಯವಾದರೆ 6 ತಿಂಗಳು, ಹತೋಟಿಯಲ್ಲಿದ್ದ ಮೇಲೆ ಗರ್ಭ ಧರಿಸುವುದು ಒಳ್ಳೆಯದು.

ಇದೇ ಕಾಯಿಲೆಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರ ಖಂಡಿತ ಬೇಡ. ಅದು ಭ್ರೂಣದ ಬೆಳವಣಿಗೆಯನ್ನೇ ಕೆಡಿಸುತ್ತದೆ. ಸಾಮಾನ್ಯವಾಗಿ ಗರ್ಭ ಧರಿಸುವ 3 ತಿಂಗಳು ಮೊದಲೇ ಅದನ್ನು ಬಿಡಿಸಿ ಬೇರೆ ಔಷಧಿ ಕೊಡುತ್ತಾರೆ. ಟೋಫಾಸಿಟಿನಿಬ್ ಅನ್ನೂ ಬದಲಿಸುತ್ತಾರೆ. ಸಲ್ಫಸಲಜೈನ್ ದೇಹಕ್ಕೆ ಫೋಲಿಕ್ ಆಮ್ಲ ಸರಿಯಾಗಿ ಸಿಗದಂತೆ ತಡೆಯುವುದರಿಂದ ಫೋಲಿಕ್ ಆಮ್ಲದ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಗಂಡ ಸಲ್ಫಸಲಜೈನ್ ತೆಗೆದುಕೊಳ್ಳುತ್ತಿದ್ದರೆ ವೀರ್ಯಾಣು ಕಡಿಮೆಯಾಗಬಹುದು. ಬದಲಿಸಿದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ.

ಆದ್ದರಿಂದ ಪ್ರಯತ್ನ ಶುರುಮಾಡುವ ಮೊದಲೇ ನಿಮ್ಮ ಕರುಳಿನ ವೈದ್ಯರನ್ನೂ ಹೆರಿಗೆ ವೈದ್ಯರನ್ನೂ ಕಾಣಿ. ಈಗಾಗಲೇ ಗರ್ಭಿಣಿಯಾಗಿದ್ದು ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಿ ಇವತ್ತೇ ವೈದ್ಯರಿಗೆ ಫೋನ್ ಮಾಡಿ.